ಪರದೇಶದಲ್ಲಿ ತವರುಮನೆ

ಎಲ್ಲರೂ ಸತ್ಯವೇದ ತೆಗೆಯಿರಿ. ವಿಮೋಚನಕಾಂಡ 2ನೇ ಅಧ್ಯಾಯ, 21 ಮತ್ತು 22ನೇ ವಚನ. ಆಮೇಲೆ ಲೂಕ 1ನೇ ಅಧ್ಯಾಯ, 39ರಿಂದ 56. ಎರಡು ಕಡೆನೂ ಬೆರಳಿಟ್ಟುಕೊಳ್ಳಿ.

ಈ ವಾರದ ಪ್ರಾರ್ಥನಾ ವಿನಂತಿಗಳಲ್ಲಿ ಒಂದು ದುಬೈಯಿಂದ ಬಂದಿದೆ. ಕಳಿಸಿದವಳು ನಮ್ಮ ಅಂಬಾಜಿದುರ್ಗ ಹೋಬಳಿಯ ಹೆಣ್ಣುಮಗಳು, ಇದೇ ಸಭೆಯ ಸಂಡೇ ಸ್ಕೂಲಿನಲ್ಲಿ ಬೆಳೆದವಳು. ಅವಳ ಒಪ್ಪಿಗೆ ತಗೊಂಡೇ ಹೇಳ್ತಿದ್ದೀನಿ. ಈಗ ಅವಳಿಗೆ ಏಳು ತಿಂಗಳು, ಚೊಚ್ಚಲು. ಫೋನಿನಲ್ಲಿ ಹೇಳಿದಳು: "ಪಾಸ್ಟರಣ್ಣ, ನೋವಿಗೆ ನಾನು ಹೆದರಲ್ಲ. ಹೆತ್ತಮೇಲೆ ಕಣ್ಣು ಬಿಟ್ಟಾಗ ಅಮ್ಮ ಪಕ್ಕದಲ್ಲಿ ಇರಲ್ವಲ್ಲ, ಅದಕ್ಕೇ ಅಳು ಬರುತ್ತೆ."

ತಾಯಂದಿರೇ, ಈ ಮಾತು ನಿಮಗೆ ಅರ್ಥ ಆಗುತ್ತೆ. ನಮ್ಮ ಕಡೆ ಚೊಚ್ಚಲ ಹೆರಿಗೆ ಅಂದ್ರೆ ತವರುಮನೆ. ಹಂಡೆ ತುಂಬಾ ಬಿಸಿನೀರು, ಬೆಳ್ಳುಳ್ಳಿ ಮೆಣಸಿನ ಸಾರು, ಕಾಲು ಚಾಚಿ ಕೂತು ಮಗುವಿಗೆ ನೀರು ಹಾಕೋ ಅಜ್ಜಿ. ಬಾಣಂತಿ ಮೂರು ತಿಂಗಳು ಒಳಗೇ ಇರ್ತಾಳೆ, ಕಿವಿಗೆ ಗಾಳಿ ತಾಗದ ಹಾಗೆ ನೋಡ್ಕೊಳ್ತಾರೆ. ಅಲ್ಲಿ ಇದ್ಯಾವುದೂ ಇಲ್ಲ. ಹದಿನೈದನೇ ಅಂತಸ್ತಿನಲ್ಲಿ ಒಂದು ರೂಮು, ಬೆಳಿಗ್ಗೆ ಆರಕ್ಕೆ ಡ್ಯೂಟಿಗೆ ಹೋಗೋ ಗಂಡ, ಗೋಡೆ ನೋಡ್ಕೊಂಡು ಕೂರೋ ಹೆಂಡತಿ.

ಈಗ ವಾಕ್ಯಕ್ಕೆ ಬನ್ನಿ. ಮೋಶೆ ಐಗುಪ್ತದಿಂದ ಓಡಿಹೋಗಿ ಮಿದ್ಯಾನ್ ದೇಶ ಸೇರಿದ. ಅಲ್ಲಿ ಚಿಪ್ಪೋರಳನ್ನು ಮದುವೆಯಾದ. ಚೊಚ್ಚಲ ಗಂಡುಮಗು ಹುಟ್ಟಿತು. ಅದಕ್ಕೆ ಏನು ಹೆಸರಿಟ್ಟ? ಗೇರ್ಷೋಮ್. ಇಬ್ರಿಯ ಭಾಷೆಯಲ್ಲಿ 'ಗೇರ್' ಅಂದ್ರೆ ಪರದೇಶಿ. ನಾನು ಅನ್ಯದೇಶದಲ್ಲಿ ಪರದೇಶಿಯಾಗಿದ್ದೀನಿ ಅನ್ನೋ ಅರ್ಥದಲ್ಲಿ ಆ ಹೆಸರಿಟ್ಟ.

ಗಮನಿಸಿ ದೇವಜನರೇ. ಚಿಪ್ಪೋರಳಿಗೆ ಅದು ತವರೂರು. ಅವಳ ಅಪ್ಪ, ಆರು ಜನ ಅಕ್ಕತಂಗಿಯರು, ಎಲ್ಲಾ ಅಲ್ಲೇ ಇದ್ದರು. ಆ ಮನೆಯಲ್ಲಿ ತವರಿಲ್ಲದವನು ಅಪ್ಪ. ಮಗು ಕೈಗೆ ಬಂದ ದಿನವೇ ಅವನಿಗೆ ತನ್ನವರ ನೆನಪು ಬಂತು. ದೇವರು ಅವನನ್ನು ಗದರಿಸಲಿಲ್ಲ. ನಂಬಿಕೆ ಇದ್ದವನು ಹೀಗೆ ಅಳಬಾರದು ಅಂತ ಹೇಳಲಿಲ್ಲ. ಆ ಹೆಸರನ್ನು ಹಾಗೇ ಸತ್ಯವೇದದಲ್ಲಿ ಬರೆಸಿಟ್ಟ. ಹಲ್ಲೆಲೂಯಾ! ಒಂಟಿತನ ಅನಿಸೋದು ಅವಿಶ್ವಾಸ ಅಲ್ಲ, ಪ್ರಿಯರೇ.

ಇದು ನನಗೆ ಗೊತ್ತು. ಬೈಬಲ್ ಕಾಲೇಜಿಗೆ ಸೇರೋಕೆ ಮುಂಚೆ ನಾನು ಶಾರ್ಜಾದಲ್ಲಿ ಸ್ಟೋರ್‌ಕೀಪರ್ ಆಗಿದ್ದೆ. ನನ್ನ ಹೆಂಡತಿಗೆ ಐದು ತಿಂಗಳಾದಾಗ ಸ್ಕ್ಯಾನ್‌ನಲ್ಲಿ ಮಾಸು ಕೆಳಗಿದೆ, ಪ್ರಯಾಣ ಬೇಡ ಅಂದ್ರು. ಊರಿಗೆ ಕಳಿಸೋ ಆಸೆ ಅಲ್ಲಿಗೆ ನಿಂತಿತು. ನಮ್ಮ ಅತ್ತೆಯದು ಶಿಡ್ಲಘಟ್ಟ ತಾಲ್ಲೂಕು, ರೇಷ್ಮೆ ಮನೆತನ. ಅವರಿಗೆ ಪಾಸ್‌ಪೋರ್ಟೇ ಇರಲಿಲ್ಲ. ಪಾಸ್‌ಪೋರ್ಟ್ ಬಂದಾಗ ಹುಳ ಹಣ್ಣಾಗಿತ್ತು, ಚಂದ್ರಿಕೆಗೆ ಬಿಡೋರು ಬೇರೆ ಯಾರೂ ಇರಲಿಲ್ಲ. ಆ ಬೆಳೆ ಮೇಲೆ ಸಾಲ ಇತ್ತು. ಫೋನಿನಲ್ಲಿ ಅಮ್ಮ ಮಗಳು ಇಬ್ಬರೂ ಮಾತಾಡಲಿಲ್ಲ, ಬರೀ ಅತ್ತರು. ನಾನು ಮಹಡಿ ಮೆಟ್ಟಿಲ ಮೇಲೆ ಕೂತು ಮೋಶೆಯ ಹಾಗೆ ಪರದೇಶಿ ಅಂದುಕೊಂಡೆ.

ಈಗ ಲೂಕನಿಗೆ ಬನ್ನಿ. ಮರಿಯಳಿಗೆ ದೇವದೂತನ ಮಾತು ಬಂದ ಮೇಲೆ ಅವಳು ಏನು ಮಾಡಿದಳು? ಬೆಟ್ಟದ ಸೀಮೆಗೆ ಅವಸರದಿಂದ ಹೋದಳು. ಅಂಬಾಜಿದುರ್ಗದ ಬೆಟ್ಟದ ಬುಡದಲ್ಲಿ ಬದುಕೋ ನಮಗೆ ಆ ದಾರಿ ಹೇಗಿರುತ್ತೆ ಅಂತ ಗೊತ್ತು. ಹೋಗಿ ತಂಗಿದ್ದು ಎಲಿಸಬೇತಳ ಮನೆಯಲ್ಲಿ, ಸುಮಾರು ಮೂರು ತಿಂಗಳು. ಎಲಿಸಬೇತ್ ವಯಸ್ಸಾದವಳು, ತಾನೂ ಆರು ತಿಂಗಳ ಗರ್ಭಿಣಿ. ದೇವರು ಮರಿಯಳಿಗೆ ವಾಗ್ದಾನ ಕೊಟ್ಟ, ಜೊತೆಗೆ ಒಬ್ಬ ಹೆಂಗಸನ್ನೂ ತೋರಿಸಿದ. ದೇವದೂತನೇ ಎಲಿಸಬೇತಳ ಹೆಸರು ಹೇಳಿದ, 36ನೇ ವಚನ ನೋಡಿ. ನಮ್ಮ ದೇವರು ಗರ್ಭಿಣಿಯನ್ನು ಬರೀ ವಾಕ್ಯ ಕೊಟ್ಟು ಕಳಿಸೋ ದೇವರಲ್ಲ. ಸ್ತೋತ್ರ!

ಶಾರ್ಜಾದಲ್ಲಿ ನಮಗೂ ಒಬ್ಬ ಎಲಿಸಬೇತಳನ್ನು ಕೊಟ್ಟ. ನಮ್ಮ ಬಿಲ್ಡಿಂಗಿನಲ್ಲೇ ಎರಡು ಮಹಡಿ ಕೆಳಗಿದ್ದ ಭಟ್ಕಳದ ಮುಸ್ಲಿಂ ತಾಯಿ. ನಾವು ಆಂಟಿ ಅಂತಿದ್ವಿ. ಲಿಫ್ಟಿನಲ್ಲಿ ನನ್ನ ಹೆಂಡತಿಯ ಮುಖ ನೋಡಿ, "ನಿನ್ನಮ್ಮ ಬರಲ್ವಾ ಮಗಳೇ? ಹಾಗಾದ್ರೆ ನಾನಿದ್ದೀನಿ" ಅಂದ್ರು. ಹೆರಿಗೆ ಆಗಿ ಮನೆಗೆ ಬಂದ ದಿನದಿಂದ ನಲವತ್ತು ದಿನ ಮೆಂತ್ಯದ ಗಂಜಿ ಕಳಿಸಿದರು. ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕಿದರು. ನೀವು ಯಾರು, ಏನು ನಂಬ್ತೀರಿ ಅಂತ ಒಂದು ದಿನ ಕೇಳಲಿಲ್ಲ. ನಮ್ಮ ಮಗಳು ಮೊದಲು ನಕ್ಕಿದ್ದು ಅವರ ಮಡಿಲಲ್ಲಿ.

ದುಬೈಯಲ್ಲಿರೋ ನಮ್ಮ ಸಹೋದರಿಗೂ, ಆನ್‌ಲೈನ್‌ನಲ್ಲಿ ಕೇಳೋ ಎಲ್ಲಾ ಗಂಡಹೆಂಡಿರಿಗೂ ನಾಲ್ಕು ಮಾತು ಹೇಳ್ತೀನಿ. ಇದೂ ಆತ್ಮೀಕವೇ.

ಊರಿಗೆ ಬರೋದಾದರೆ ಬೇಗ ನಿರ್ಧಾರ ಮಾಡಿ. 28 ವಾರ ದಾಟಿದರೆ ಬಹಳಷ್ಟು ಏರ್‌ಲೈನ್‌ಗಳು ಡಾಕ್ಟರ ಪತ್ರ ಕೇಳ್ತವೆ, 36 ವಾರದ ಮೇಲೆ ಸಾಮಾನ್ಯವಾಗಿ ಹತ್ತಿಸಿಕೊಳ್ಳಲ್ಲ. ಅಲ್ಲೇ ಹೆರಿಗೆ ಅಂದ್ರೆ ಮದುವೆ ಸರ್ಟಿಫಿಕೇಟ್ ಅಟೆಸ್ಟ್ ಮಾಡಿಸಿ ಇಟ್ಟುಕೊಳ್ಳಿ. ಮಗು ಅಲ್ಲಿ ಹುಟ್ಟಿದ ಮಾತ್ರಕ್ಕೆ ಆ ದೇಶದ ಪ್ರಜೆ ಆಗಲ್ಲ. ಒಂದು ವರ್ಷದೊಳಗೆ ಭಾರತದ ಕಾನ್ಸುಲೇಟ್‌ನಲ್ಲಿ ಜನನ ನೋಂದಾಯಿಸಿ, ಪಾಸ್‌ಪೋರ್ಟ್ ಮಾಡಿಸಿ. ಯುಎಇಯಲ್ಲಿ ಮಗುವಿನ ವೀಸಾಗೆ ಹುಟ್ಟಿದ ದಿನದಿಂದ 120 ದಿನ ಸಮಯ ಇದೆ, ದಾಟಿದರೆ ದಂಡ. ಅಲ್ಲಿ ಖಾಸಗಿ ಕೆಲಸದಲ್ಲಿರೋ ತಾಯಿಗೆ 60 ದಿನ ಹೆರಿಗೆ ರಜೆ, 45 ದಿನ ಪೂರ್ತಿ ಸಂಬಳ, 15 ದಿನ ಅರ್ಧ. ನಮ್ಮ ದೇಶದ 26 ವಾರ ಅಲ್ಲಿಲ್ಲ. ಅದಕ್ಕೇ ಗಂಡಂದಿರೇ, ಅಡುಗೆ ಕಲಿಯಿರಿ. ಮೆಣಸಿನ ಸಾರು ಮಾಡೋಕೆ ಅಭಿಷೇಕ ಬೇಕಾಗಿಲ್ಲ! ಕಬ್ಬಿಣದ ಮಾತ್ರೆ, ಬಿಪಿ ತಪಾಸಣೆ ಬಿಡಬೇಡಿ. ನಾವು ಪ್ರಾರ್ಥನೆ ಮಾಡ್ತೀವಿ, ನೀವು ಮಾತ್ರೆ ನುಂಗಿ. ಸುವಾರ್ತೆ ಬರೆದ ಲೂಕನೇ ವೈದ್ಯ. ಹೆತ್ತಮೇಲೆ ಎರಡು ವಾರ ಕಳೆದರೂ ಅಳು ನಿಲ್ಲದಿದ್ದರೆ, ಮಗುವಿನ ಮೇಲೆ ಮನಸ್ಸೇ ಹೋಗದಿದ್ದರೆ, ಅದು ಸೈತಾನ ಹಿಡಿದದ್ದಲ್ಲ. ಡಾಕ್ಟರಿಗೆ ಹೇಳಿ, ಅದಕ್ಕೆ ಚಿಕಿತ್ಸೆ ಇದೆ.

ಈಗ ಇಲ್ಲಿ ಕೂತಿರೋ ನಮಗೆ. ಈ ಸಂದೇಶ ದುಬೈಗೆ ಮಾತ್ರ ಅಂತ ಎದ್ದು ಹೋಗಬೇಡಿ.

ಕೆಲಸ ಹುಡುಕ್ಕೊಂಡು ನಮ್ಮವರು ಗಲ್ಫಿಗೆ ಹೋದ ಹಾಗೆ, ಬೇರೆ ರಾಜ್ಯದವರು ನಮ್ಮ ಕ್ವಾರಿಗಳಿಗೆ ಬಂದಿದ್ದಾರೆ. ಅಲ್ಲಿ ಶೆಡ್ಡಿನಲ್ಲಿ ಒಡಿಶಾದ ಒಬ್ಬ ಹೆಣ್ಣುಮಗಳಿದ್ದಾಳೆ. ಎಂಟು ತಿಂಗಳು, ಅವಳದೂ ಚೊಚ್ಚಲೇ. ಹೋದ ವಾರ ನಮ್ಮ ಸ್ತ್ರೀಯರ ಕೂಟದ ಇಬ್ಬರು ನೋಡಿ ಬಂದರು. ತಾಯಿ ಕಾರ್ಡ್ ಇಲ್ಲ, ಒಂದು ಸ್ಕ್ಯಾನೂ ಆಗಿಲ್ಲ. ಕನ್ನಡ ಬರಲ್ಲ, ತೆಲುಗೂ ಬರಲ್ಲ. ಅವಳ ಅಮ್ಮನೂ ಎಲ್ಲೋ ಫೋನ್ ಹಿಡ್ಕೊಂಡು ಅಳ್ತಿರಬಹುದು.

ಯಾಜಕಕಾಂಡ 19ನೇ ಅಧ್ಯಾಯ 34ನೇ ವಚನದಲ್ಲಿ ದೇವರು ಏನು ಹೇಳ್ತಾನೆ? ನಿಮ್ಮ ಮಧ್ಯದಲ್ಲಿರೋ ಪರದೇಶಿಯನ್ನು ನಿಮ್ಮಂತೆಯೇ ಪ್ರೀತಿಸಬೇಕು, ನೀವೂ ಐಗುಪ್ತದಲ್ಲಿ ಪರದೇಶಿಗಳಾಗಿದ್ದಿರಿ ಅಂತ. ನಮ್ಮ ಮಗಳಿಗೆ ಅಲ್ಲಿ ಒಬ್ಬ ಎಲಿಸಬೇತಳನ್ನು ಕೊಡು ಕರ್ತನೇ ಅಂತ ಬೇಡ್ತೀವಿ. ಇಲ್ಲಿ ಇನ್ನೊಬ್ಬರ ಮಗಳಿಗೆ ಎಲಿಸಬೇತ್ ಯಾರು? ನಮ್ಮ ಬಾಗಿಲು ಮುಚ್ಚಿಕೊಂಡು ಅಲ್ಲಿಯವರ ಬಾಗಿಲು ತೆರೆ ಅಂತ ಹೇಗೆ ಕೇಳೋಣ?

ನಾಳೆ ಸೋಮವಾರ ಆಶಾ ಕಾರ್ಯಕರ್ತೆಯ ಜೊತೆ ಇಬ್ಬರು ಸಹೋದರಿಯರು ಹೋಗಿ ತಾಯಿ ಕಾರ್ಡ್ ಮಾಡಿಸಬೇಕು. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತೆ. ಆದರೆ ಎಂಟು ತಿಂಗಳಾದವಳು 9ರವರೆಗೆ ಕಾಯೋದು ಬೇಡ, ಈ ವಾರವೇ ಕರ್ಕೊಂಡು ಹೋಗಿ. ಹಿಂದಿ ಬರೋ ಯುವಕರೇ, ನಿಮ್ಮ ನಂಬರನ್ನು ಅವಳ ಗಂಡನಿಗೆ ಕೊಡಿ. ರಾತ್ರಿ ನೋವು ಬಂದರೆ 108ಕ್ಕೆ ಫೋನ್ ಮಾಡಿ ದಾರಿ ಹೇಳೋಕೆ ಒಬ್ಬರು ಬೇಕು. ಹೋದವರು ಮೊದಲು ಕರಪತ್ರ ಕೊಡಬೇಡಿ. ಬಿಸಿನೀರು ಕಾಯಿಸಿ ಕೊಡಿ, ಊಟ ಕೊಡಿ, ಹಳೇ ಮೆತ್ತನೆ ಹತ್ತಿ ಸೀರೆ ಕೊಡಿ.

ಮೋಶೆಗೆ ಎರಡನೇ ಮಗನೂ ಹುಟ್ಟಿದ. ವಿಮೋಚನಕಾಂಡ 18ರಲ್ಲಿದೆ. ಅವನ ಹೆಸರು ಎಲೀಯೆಜೆರ್, ನನ್ನ ದೇವರು ನನಗೆ ಸಹಾಯಕ ಅಂತ ಅರ್ಥ. ಒಂದೇ ಮನೆಯಲ್ಲಿ ಆ ಎರಡು ಹೆಸರನ್ನೂ ದಿನಾ ಕೂಗ್ತಿದ್ದರು: ಪರದೇಶಿ, ಸಹಾಯಕ. ಪರದೇಶಿ ಇರೋ ಮನೆಗೆ ಸಹಾಯಕನೂ ಬಂದ. ಆಮೆನ್ ಹೇಳಿ!

ಎದ್ದು ನಿಲ್ಲೋಣ. ದುಬೈಯ ಸಹೋದರಿಯ ತಾಯಿ ಮುಂದೆ ಬನ್ನಿ ಅಮ್ಮಾ. ಸಹೋದರಿಯರೇ, ಅವರ ಹೆಗಲ ಮೇಲೆ ಕೈಯಿಡಿ.

ಪರಲೋಕದ ತಂದೆಯೇ, ದುಬೈಯಲ್ಲಿರೋ ನಮ್ಮ ಮಗಳನ್ನು ನಿನ್ನ ಕೈಗೆ ಒಪ್ಪಿಸುತ್ತೇವೆ. ನೋವಿನ ಗಳಿಗೆಯಲ್ಲಿ ಒಳ್ಳೆಯ ಡಾಕ್ಟರನ್ನು, ಕರುಣೆಯುಳ್ಳ ನರ್ಸನ್ನು, ಬಾಗಿಲು ತಟ್ಟೋ ಒಬ್ಬ ನೆರೆಯವಳನ್ನು ಕೊಡು. ಈ ಅಮ್ಮನ ಮನಸ್ಸಿಗೆ ಸಮಾಧಾನ ಕೊಡು. ಕ್ವಾರಿಯ ಶೆಡ್ಡಿನಲ್ಲಿರೋ ಆ ಮಗಳನ್ನೂ, ಹೊಟ್ಟೆಯಲ್ಲಿರೋ ಕೂಸನ್ನೂ ಕಾಪಾಡು. ಅವಳಿಗೆ ತವರಾಗಿ ನಮ್ಮನ್ನು ಕಳಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.

ಸೋಮವಾರ ಯಾರು ಹೋಗ್ತೀರಿ? ಕೈ ಎತ್ತಿ.