ಕಂತಿಗೆ ತಟ್ಟಿದ ಬಾಗಿಲು

ಪಿಎಚ್.ಡಿ. ಕ್ಷೇತ್ರಕಾರ್ಯಕ್ಕೆಂದು ಚಾಮರಾಜನಗರದ ಉಡಿಗಾಲದಲ್ಲಿ ಒಂದು ಸ್ತ್ರೀಶಕ್ತಿ ಸಂಘದ ವಾರದ ಸಭೆಗೆ ಹೋಗಿದ್ದೆ. ಜಗುಲಿಯ ಮೇಲೆ ಹದಿನೈದು ಹೆಂಗಸರು, ನಡುವೆ ಲೆಕ್ಕದ ಪುಸ್ತಕ. ಒಬ್ಬರು ಬಂದಿರಲಿಲ್ಲ. ಇಬ್ಬರು ಎದ್ದುಹೋಗಿ ಅವರ ಬಾಗಿಲು ತಟ್ಟಿ ಕಂತಿನ ದುಡ್ಡು ತಂದರು. ಅವರೇಕೆ ಬರಲಿಲ್ಲವೆಂದು ಕೇಳಿದೆ. "ಗಂಡ ಹೊಡ್ದವ್ನ ಕುಸು, ಮಕ ಊದದ. ಅವ್ರ ಮನ ಇಚಾರ, ಬುಡು" ಎಂದರು ಪುಸ್ತಕ ಬರೆಯುತ್ತಿದ್ದ ಅಕ್ಕ. ನಾನೂ ಬಿಟ್ಟೆ. ನನ್ನ ಪ್ರಶ್ನಾವಳಿಯಲ್ಲಿ ಉಳಿತಾಯ, ಸಾಲ, ಮರುಪಾವತಿಗೆಲ್ಲ ಜಾಗವಿತ್ತು, ಊದಿದ ಮುಖಕ್ಕಿರಲಿಲ್ಲ. 'ಮರುಪಾವತಿ: ನಿಯಮಿತ' ಎಂದು ಬರೆದುಕೊಂಡು ಬಸ್ಸು ಹತ್ತಿದೆ.

ಕಂತಿಗೆ ತಟ್ಟಬಹುದಾದ ಬಾಗಿಲನ್ನು ಏಟಿಗೆ ಯಾಕೆ ತಟ್ಟಬಾರದು? ಬ್ಯಾಂಕು ಸಾಲ ಕೊಡುವುದು ಸಂಘದ ಹೆಸರಿಗೆ. ಒಬ್ಬಳು ಕಟ್ಟದಿದ್ದರೆ ಹೊಣೆ ಎಲ್ಲರ ತಲೆಗೆ. ಹಾಗಾಗಿ ಅರಿಸಿನ ಮಾರಿದ ದುಡ್ಡು ಅವಳ ಮನೆಗೆ ಯಾವಾಗ ಬರುತ್ತದೆ, ಗಂಡ ಅದರಲ್ಲಿ ಎಷ್ಟು ಕುಡಿಯುತ್ತಾನೆ ಎಂಬುದೆಲ್ಲ ಸಂಘಕ್ಕೆ ಗೊತ್ತು. ಇಷ್ಟು ಒಳಹೊಕ್ಕವರು ಏಟಿನ ಹೊತ್ತಿಗೆ ಮಾತ್ರ ಹೊಸಿಲಾಚೆ ನಿಂತು ಅದನ್ನು ಮರ್ಯಾದೆ ಎಂದುಕೊಳ್ಳುವುದನ್ನು ನಾನು ಒಪ್ಪಲಾರೆ. ನನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ.

ಆದರೆ ಸಂಘ ಒಳಗೆ ಹೋಗಿ ಏನು ಹೇಳೀತು? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಮಹಿಳೆಯರ ಪೈಕಿ ಶೇ. 44ರಷ್ಟು ಮಂದಿ ಗಂಡನಿಂದ ಹಿಂಸೆ ಕಂಡವರು. ಅದಕ್ಕಿಂತ ನನ್ನನ್ನು ಕಲಕಿದ್ದು ಇನ್ನೊಂದು ಅಂಕಿ: ಕೆಲವು ಕಾರಣಗಳಿಗೆ ಗಂಡ ಹೊಡೆಯುವುದು ಸರಿಯೆಂದ ಮಹಿಳೆಯರು ಸುಮಾರು ಶೇ. 77. ಆ ಜಗುಲಿಗೆ ಈ ಲೆಕ್ಕ ಹಾಕಿದರೆ ಹದಿನೈದರಲ್ಲಿ ಹನ್ನೊಂದು-ಹನ್ನೆರಡು ಮಂದಿ. ಅವರು "ಹೊಂದ್ಕಂಡು ಹೋಗವ್ವ" ಎಂದು ಬರುವುದಾದರೆ ಊರಿನ ಗಂಡಸರ ಪಂಚಾಯ್ತಿಗೂ ಇದಕ್ಕೂ ಏನು ವ್ಯತ್ಯಾಸ?

ಚಾಮರಾಜನಗರ ಮೈಸೂರು ಜಿಲ್ಲೆಯೊಳಗೇ ಇದ್ದ ಕಾಲ, 1989ರಲ್ಲಿ, ಮಹಿಳಾ ಸಮಖ್ಯಾ ಕಾರ್ಯಕ್ರಮ ಆರಂಭವಾದ ಜಿಲ್ಲೆಗಳಲ್ಲಿ ಮೈಸೂರೂ ಒಂದು. ಅದರ ಸಂಘಗಳು ಸಾಲದಿಂದ ಹುಟ್ಟಿದವಲ್ಲ, ಕೂತು ಮಾತಾಡುವುದರಿಂದ ಹುಟ್ಟಿದವು. ಗುಜರಾತ್, ಉತ್ತರಪ್ರದೇಶಗಳಲ್ಲಿ ಅಂಥ ಮಾತೇ ಬೆಳೆದು ಹೆಂಗಸರೇ ನಡೆಸುವ 'ನಾರಿ ಅದಾಲತ್' ಆಯಿತು. ಏಟು ತಪ್ಪು ಎಂದು ತಮ್ಮ ತಮ್ಮಲ್ಲೇ ಒಪ್ಪಿಕೊಳ್ಳಲು ಅವರಿಗೆ ವರ್ಷಗಳೇ ಹಿಡಿದಿರಬೇಕು. ಈಗಿನ ವಾರದ ಸಭೆಯಲ್ಲಿ ಲೆಕ್ಕ ಮುಗಿಯುವಷ್ಟರಲ್ಲಿ ಒಲೆ ಹಚ್ಚುವ ಹೊತ್ತು.

"ನೀನ್ಯಾರು ಕೇಳಕ?" ಎಂಬ ಗಂಡನ ಪ್ರಶ್ನೆಗಂತೂ ಕಾನೂನು ಉತ್ತರ ಕೊಟ್ಟಾಗಿದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದುದ್ದೇಶದಿಂದ ತಿಳಿಸಿದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ನಮ್ಮಲ್ಲಿ ಆ ಅಧಿಕಾರ ಇರುವುದು ಸಿಡಿಪಿಒ ಅವರಿಗೆ, ಅಂದರೆ ಸ್ತ್ರೀಶಕ್ತಿ ಸಂಘಗಳನ್ನು ನೋಡಿಕೊಳ್ಳುವ ಇಲಾಖೆಗೇ. 17ನೇ ಸೆಕ್ಷನ್ನು ಅವಳಿಗೆ ಆ ಮನೆಯಲ್ಲೇ ಇರುವ ಹಕ್ಕು ಕೊಡುತ್ತದೆ. ಆದರೂ ಅವಳನ್ನು ಕೇಳದೆ ದೂರು ಕೊಟ್ಟರೆ, ಆ ರಾತ್ರಿ ಆ ಮನೆಯೊಳಗೆ ಇರಬೇಕಾದವಳು ಅವಳು. ನಾನಲ್ಲ, ಸಂಘವೂ ಅಲ್ಲ. ಹಾಗಾಗಿ ಮೊದಲು ಹೋಗಿ ಅವಳನ್ನೇ ಕೇಳಬೇಕು.

ಮುಂದಿನ ವಾರ ಪ್ರಶ್ನಾವಳಿಯನ್ನು ಬ್ಯಾಗಿನಲ್ಲೇ ಬಿಟ್ಟು, ಪುಸ್ತಕ ಬರೆಯುವ ಅಕ್ಕನನ್ನು ಕರೆದುಕೊಂಡು ಆ ಮನೆಗೆ ಹೋದೆ. ಅರ್ಧ ಬಾಗಿಲು ತೆಗೆದ ಅವರು ಇಬ್ಬರ ಮುಖವನ್ನೂ ನೋಡಿದರು.

"ಈ ವಾರದ್ದು ಕಟ್ಟಾಯ್ತಲ್ಲ ಕುಸು, ಇನ್ನೇನ?"