ಹದಿನೇಳು ಗಂಟೆಯೋ, ಮೂರೂವರೆ ಗಂಟೆಯೋ?

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಆಕಾಶಮಾರ್ಗದಲ್ಲಿ ಸುಮಾರು 14,000 ಕಿ.ಮೀ.; ನೇರ ವಿಮಾನಕ್ಕೆ ಹೆಚ್ಚುಕಡಿಮೆ 17 ಗಂಟೆ. ಚಳಿಗಾಲದ ಸೋಮವಾರ ಮಧ್ಯಾಹ್ನ 2ಕ್ಕೆ ಹೊರಟವರು ಅಲ್ಲಿ ಅದೇ ಸೋಮವಾರ ಸಂಜೆ 5.30ರ ಹೊತ್ತಿಗೆ ಇಳಿಯುತ್ತಾರೆ. ಊರೂರಿನ ಗಡಿಯಾರ ನಂಬಿದರೆ ಕಳೆದದ್ದು ಮೂರೂವರೆ ಗಂಟೆ. ಹಾಗಾದರೆ ಕಾಲ ಬರೀ ನಮ್ಮ ಕಲ್ಪನೆಯೇ? ಪ್ರಾಚೀನ ಭಾರತದ ದಾರ್ಶನಿಕರಾದ ವೈಶೇಷಿಕರು ಹಾಗೆನ್ನಲಿಲ್ಲ. ಒಂಬತ್ತು ದ್ರವ್ಯಗಳಲ್ಲಿ ದಿಕ್ಕನ್ನೂ ಕಾಲವನ್ನೂ ಎಣಿಸಿದ ಅವರು, ಎರಡೂ ಅಖಂಡ, ಅವುಗಳ ವಿಭಾಗಗಳಷ್ಟೇ ಉಪಾಧಿಯಿಂದ, ಅಂದರೆ ಹೊರಗಿನ ನಿಮಿತ್ತದಿಂದ, ಬಂದವು ಎಂದರು. ಸೋಮವಾರ ಎಂಬುದು ಅಂಥ ವಿಭಾಗ. ಅದನ್ನು ಒಪ್ಪಂದದಿಂದ ಬದಲಿಸಬಹುದು. ಉರಿದ ಇಂಧನವನ್ನೂ ಕೂತು ಕೂತು ಊದಿಕೊಂಡ ಪಾದಗಳನ್ನೂ ಯಾವ ಒಪ್ಪಂದವೂ ಬದಲಿಸದು.

ಅಖಂಡ ಕಾಲವನ್ನು ಕಂಡವರು ಯಾರು ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ ಪುಷ್ಟಿ ಕೊಡುವಂತೆ, 1971ರಲ್ಲಿ ವಿಜ್ಞಾನಿಗಳಾದ ಹಾಫೆಲೆ ಮತ್ತು ಕೀಟಿಂಗ್ ಪ್ರಯಾಣಿಕ ವಿಮಾನಗಳಲ್ಲಿ ಪರಮಾಣು ಗಡಿಯಾರಗಳನ್ನು ಭೂಮಿ ಸುತ್ತಿಸಿ ತಂದಾಗ, ನೆಲದಲ್ಲಿದ್ದವುಗಳಿಗೂ ಅವಕ್ಕೂ ನ್ಯಾನೊಸೆಕೆಂಡುಗಳ ವ್ಯತ್ಯಾಸ ಬಂತು. ಎಲ್ಲರಿಗೂ ಒಂದೇ ಕಾಲ ಎಂಬ ಮಾತು ಅಲ್ಲಿಗೆ ಬಿದ್ದಿತು. ಆದರೆ ಬಿದ್ದದ್ದು ಕಾಲದ ಏಕತ್ವವೇ ಹೊರತು ಕಾಲವಲ್ಲ. ಪ್ರತಿ ಗಡಿಯಾರವೂ ತಾನು ಸಾಗಿದ ದಾರಿಯ ಲೆಕ್ಕವನ್ನು ಸರಿಯಾಗಿಯೇ ಒಪ್ಪಿಸಿತ್ತು. ತಾರೀಖು ಊರಿನದು, ಕಳೆದ ಹೊತ್ತು ಪಯಣಿಗನದು.