ಸಿಹಿಯಾದ ಹಸಿರು ನೀರು

ಭಾನುವಾರ ಬೆಳಿಗ್ಗೆ ಕಾರಿನ ಕೆಳಗೆ ತಲೆ ತೂರಿಸಿ ಮಲಗಿದ ಮನುಷ್ಯನನ್ನು ಕಂಡರೆ ಬೀದಿಯವರಿಗೆ ಒಂದು ಬಗೆಯ ಗೌರವ ಹುಟ್ಟುತ್ತದೆ. ಆ ಗೌರವಕ್ಕೆ ಆಸೆಪಟ್ಟೇ ನಾನು ಕೂಲಂಟ್ ಬದಲಾಯಿಸಲು ಕೈಹಾಕಿದೆನೆಂದರೆ ಪೂರ್ತಿ ಸುಳ್ಳಲ್ಲ. ಇನ್ನೊಂದು ಕಾರಣವೂ ಇತ್ತು. ಹಿಂದಿನ ತಿಂಗಳು ಸುಳ್ಯದಿಂದ ಮಡಿಕೇರಿಯತ್ತ ಸಂಪಾಜೆ ಘಾಟಿ ಹತ್ತುವಾಗ ನಮ್ಮ ಹಳೆಯ ಕಾರು ಸ್ನಾನದ ಹಂಡೆಯಂತೆ ಆವಿಯೆಬ್ಬಿಸಿ ನಿಂತುಬಿಟ್ಟಿತ್ತು. ರೇಡಿಯೇಟರಿನ ಮುಚ್ಚಳಕ್ಕೆ ಕೈಹಾಕಿದವನನ್ನು, ಹಿಂದೆ ಬರುತ್ತಿದ್ದ ಲಾರಿಯ ಡ್ರೈವರು ಇಳಿದು ಬಂದು ತಡೆದ. "ಸುಟ್ಕೋತೀರ ಸಾರ್, ಆರ್ಲಿ ಬಿಡಿ." ಒತ್ತಡದಲ್ಲಿರುವ ನೀರು ನೂರು ಡಿಗ್ರಿ ದಾಟಿದರೂ ಕುದಿಯದೆ ಸುಮ್ಮನಿರುತ್ತದೆ, ಮುಚ್ಚಳ ಸಡಿಲಾದ ಕ್ಷಣವೇ ಕುದಿದು ಮುಖಕ್ಕೆ ಎರಚುತ್ತದೆ. ಆರಿದ ಮೇಲೆ ಅವನೇ ಹಳ್ಳದ ನೀರು ತಂದು ತುಂಬಿಸಿ, ಹೆಸರು ಕೂಡ ಹೇಳದೆ ಹೊರಟುಹೋದ.

ಹಳ್ಳದ ನೀರು ಬೆರೆತ ಕೂಲಂಟನ್ನು ಹಾಗೇ ಬಿಟ್ಟರೆ ಒಳಗೆ ತುಕ್ಕು ಹಿಡಿಯುತ್ತದೆ. ಆದ್ದರಿಂದ ಈ ಭಾನುವಾರದ ಸಾಹಸ.

ಹಳೆಯದನ್ನು ಇಳಿಸುವುದು ಸುಲಭ, ಹೊಸದನ್ನು ಸುರಿಯುವುದೂ ಸುಲಭ. ಕಷ್ಟವಿರುವುದು ಗಾಳಿಯನ್ನು ಹೊರಡಿಸುವುದರಲ್ಲಿ. ಬಾಯಿತನಕ ತುಂಬಿತೆಂದು ಕಂಡರೂ ಎಂಜಿನ್ನಿನ ಸಂದಿಗೊಂದಿಗಳಲ್ಲಿ ಗಾಳಿ ಅಡಗಿ ಕುಳಿತಿರುತ್ತದೆ. ಅಲ್ಲಿಗೆ ದ್ರವ ತಲುಪದೆ ಲೋಹ ಕಾಯುತ್ತದೆ. ಶಾಖ ಅಳೆಯುವ ಸಾಧನವೇ ಗಾಳಿಯಲ್ಲಿ ಸಿಕ್ಕಿಕೊಂಡರಂತೂ ಮೀಟರಿನ ಮುಳ್ಳು ಎಲ್ಲ ಕ್ಷೇಮವೆಂದೇ ತೋರಿಸಬಹುದು. ಆದ್ದರಿಂದ ಎಂಜಿನ್ ತಣ್ಣಗಿರುವಾಗಲೇ ಮುಚ್ಚಳ ತೆಗೆದಿಟ್ಟು, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಎಂಜಿನ್ ಓಡಲು ಬಿಟ್ಟು ಕಾಯಬೇಕು. ಎಂಬತ್ತು ಡಿಗ್ರಿ ದಾಟಿದ ಮೇಲೆ ಥರ್ಮೋಸ್ಟಾಟ್ ಬಾಗಿಲು ತೆರೆಯುತ್ತದೆ. ಮೇಲಿನ ಹೋಸು ಬಿಸಿಯಾಗುತ್ತದೆ. ಗುಳ್ಳೆಗಳು ಎದ್ದು ಮಟ್ಟ ಇಳಿಯುತ್ತದೆ. ಮತ್ತೆ ಸುರಿಯಬೇಕು, ಮತ್ತೆ ಕಾಯಬೇಕು. ಗುಳ್ಳೆ ನಿಂತು ಫ್ಯಾನು ತಿರುಗಿದಾಗ ಗಂಟೆ ಹನ್ನೊಂದಾಗಿತ್ತು. ಮುಚ್ಚಳ ಹಾಕಿ, ಕೈ ಒರೆಸಿಕೊಂಡು, ಕೆಲಸ ಮುಗಿಯಿತೆಂದು ಕಾಫಿ ಕೇಳಿದೆ.

ಕಾಫಿ ತಂದವಳ ಕಣ್ಣು ಬೇಸನ್ನಿನ ಮೇಲೆ ಬಿತ್ತು. "ಇದನ್ನೇನ್ರೀ ಮಾಡ್ತೀರ?"

"ಮೋರಿಗೆ ಸುರಿದರಾಯ್ತು."

ಅಷ್ಟರಲ್ಲಿ ನಮ್ಮ ಬೀದಿಯ ಕರಿಯ, ಯಾರ ಮನೆಯ ನಾಯಿಯೂ ಅಲ್ಲದ ಎಲ್ಲರ ಮನೆಯ ನಾಯಿ, ಬಂದು ಆ ಹಸಿರು ನೀರಿಗೆ ಮೂತಿ ಚಾಚಿತು. ಪಶುವೈದ್ಯಕೀಯ ಓದುತ್ತಿದ್ದ ಮಗಳು ಒಳಗಿನಿಂದ ಕೂಗುತ್ತ ಓಡಿಬಂದು ಅದನ್ನು ಅಟ್ಟಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಕೂಲಂಟಿನಲ್ಲಿರುವ ಎಥಿಲಿನ್ ಗ್ಲೈಕಾಲ್ ಸಿಹಿಯಂತೆ. ಕುಡಿದ ಪ್ರಾಣಿ ಮೊದಲು ಅಮಲೇರಿದಂತೆ ತೂರಾಡಿ, ನಡುವೆ ಚೇತರಿಸಿಕೊಂಡಂತೆ ಕಾಣುತ್ತದೆ. ಒಳಗೆ ಅದು ಆಕ್ಸಾಲಿಕ್ ಆಮ್ಲವಾಗಿ, ಸುಣ್ಣದಂಶದೊಡನೆ ಸೇರಿ, ಮೂತ್ರಪಿಂಡದಲ್ಲಿ ಹರಳುಗಟ್ಟಿ ಕೊಲ್ಲುತ್ತದೆ. ಬೆಕ್ಕಿಗಾದರೆ ಒಂದು ಟೀ ಚಮಚ ಸಾಕು. ಅಮೆರಿಕದ ತಯಾರಕರು 2012ರಲ್ಲಿ, ಅಂಗಡಿಯಲ್ಲಿ ಮಾರುವ ಕೂಲಂಟಿಗೆ ಬೇಕೆಂದೇ ಕಹಿ ಬೆರೆಸಲು ಒಪ್ಪಿದರಂತೆ. ನನ್ನ ಬೇಸನ್ನಿನಲ್ಲಿ ಆ ಕಹಿ ಇತ್ತೋ ಇಲ್ಲವೋ, ನೆಕ್ಕಿ ನೋಡುವಂತಿರಲಿಲ್ಲ.

ಆದರೂ ಒಪ್ಪಿಕೊಳ್ಳುತ್ತೇನೆ, ನನ್ನ ಮನಸ್ಸು ವಾದಕ್ಕಿಳಿಯಿತು. ನಾಲ್ಕು ಬಕೆಟ್ ನೀರು ಹೊಯ್ದರೆ ತೆಳುವಾಗುವುದಿಲ್ಲವೆ? ಕರಿಯ ಅದನ್ನೇ ಕುಡಿಯುತ್ತದೆಂದು ಯಾರು ಹೇಳಿದರು? ಅದರ ಸಾವು ಒಂದು ಸಂಭವ ಮಾತ್ರ. ನನ್ನ ತೊಂದರೆಯೋ ಖಚಿತ. ನೀವೂ ಈ ತಕ್ಕಡಿಯಲ್ಲಿ ಎಷ್ಟೋ ಸಲ ತೂಗಿರಬಹುದು. ಅದರಲ್ಲಿ ನಮ್ಮ ಸಣ್ಣ ಕಷ್ಟ ಯಾವಾಗಲೂ ಭಾರ, ಇನ್ನೊಬ್ಬರ ದೊಡ್ಡ ಅಪಾಯ ಯಾವಾಗಲೂ ಹಗುರ. ತಕ್ಕಡಿ ಸುಳ್ಳು ಹೇಳುತ್ತದೆಂದಲ್ಲ; ಅದನ್ನು ಹಿಡಿದವರು ನಾವೇ, ಅಷ್ಟೆ.

ಆಗ ಸಂಪಾಜೆಯ ಲಾರಿ ಡ್ರೈವರು ನೆನಪಾದ. ನನ್ನ ಮುಖ ಸುಟ್ಟೇ ಸುಡುತ್ತದೆಂದು ಅವನಿಗೇನು ಖಚಿತವಿತ್ತೆ? ಏರಿನಲ್ಲಿ ತುಂಬಿದ ಲಾರಿ ನಿಲ್ಲಿಸುವ ತೊಂದರೆಯೇನೋ ಖಚಿತವಾಗಿತ್ತು. ಅವನು ಲೆಕ್ಕ ಹಾಕುತ್ತ ಕುಳಿತಿದ್ದರೆ ನಾನು ಈ ಮುಖ ಹೊತ್ತು ಬರೆಯುತ್ತಿರಲಿಲ್ಲ. ಪರರ ಸಂಭವವನ್ನು ತನ್ನ ಖಚಿತದಷ್ಟೇ ತೂಕವೆಂದು ಎಣಿಸುವುದಕ್ಕೆ ಧರ್ಮ ಎಂಬ ದೊಡ್ಡ ಹೆಸರು ಬೇಕೋ ಬೇಡವೋ, ಅವನಿಗಂತೂ ಬೇಕಾಗಿರಲಿಲ್ಲ.

ಹಸಿರು ನೀರನ್ನು ಐದು ಲೀಟರಿನ ಕ್ಯಾನಿಗೆ ತುಂಬಿ, ಬಿಗಿಯಾಗಿ ಮುಚ್ಚಿ ಗ್ಯಾರೇಜಿಗೆ ಒಯ್ದೆ. ಅಲ್ಲಿನ ಹುಡುಗ ನಕ್ಕ. "ಇಟ್ಟೋಗಿ ಸಾರ್, ಹಿಂದ್ಗಡೆ ಮೋರಿ ಐತೆ." ಇಟ್ಟು ಬಂದಿದ್ದರೆ ನನ್ನ ಕೈಯೇನೋ ಶುದ್ಧವಾಗುತ್ತಿತ್ತು. ಆದರೆ ಮೋರಿ ಬದಲಾಗುತ್ತಿರಲಿಲ್ಲ, ನಾಯಿ ಬದಲಾಗುತ್ತಿತ್ತು, ಅಷ್ಟೆ. ಪಾಪವನ್ನು ಬಾಡಿಗೆಗೆ ಕೊಟ್ಟು ಪುಣ್ಯವಂತರಾಗುವ ವಿದ್ಯೆ ನಮಗೆ ಹೊಸದೇನಲ್ಲವಲ್ಲ! ಕ್ಯಾನನ್ನು ಹಾಗೇ ಹಿಂದಕ್ಕೆ ತಂದೆ.

ಈಗ ಅದು ನಮ್ಮ ಅಟ್ಟದ ಮೇಲಿದೆ. ಮಗಳು ಅದಕ್ಕೆ ತಲೆಬುರುಡೆಯ ಚಿತ್ರ ಅಂಟಿಸಿ, ದಪ್ಪ ಅಕ್ಷರದಲ್ಲಿ 'ವಿಷ' ಎಂದು ಬರೆದಿದ್ದಾಳೆ. ಹಬ್ಬಕ್ಕೆ ಪಾತ್ರೆ ಇಳಿಸುವಾಗಲೆಲ್ಲ ನನ್ನವಳು, "ನಿಮ್ಮ ಆಸ್ತಿ ಹಾಗೇ ಇದೆ" ಎಂದು ನಗುತ್ತಾಳೆ. ಪ್ರಶ್ನೆ ಬಗೆಹರಿಯಿತೆಂದು ನಾನೂ ಹೇಳಲಾರೆ. ಮುಂದಿನ ವರ್ಷ ಮತ್ತೆ ಕೂಲಂಟ್ ಬದಲಾಯಿಸಬೇಕು; ಇನ್ನೊಂದು ಕ್ಯಾನಿಗೆ ಅಟ್ಟದಲ್ಲಿ ಜಾಗ ಮಾಡಬೇಕು. ಕರಿಯ ಮಾತ್ರ ದಿನವೂ ಬಂದು ಕಾರಿನ ಕೆಳಗಿನ ನೆರಳಿನಲ್ಲಿ ಮಲಗುತ್ತದೆ. ಗಾಡಿ ತೆಗೆಯುವ ಮುಂಚೆ ನಾನು ಬಗ್ಗಿ ನೋಡುತ್ತೇನೆ.